ಊದಲು ಬಾರದ ಕೊಳಲು ಮಾಸ್ಟ್ರು

ಅವರ ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ಗೆರೆಗಳೇ ಇರಲಿಲ್ಲ. ಸುಟ್ಟು, ಸಿಪ್ಪೆ ಎದ್ದು, ಮತ್ತೆ ಸುಟ್ಟು, ಕೊನೆಗೆ ಆ ಎರಡು ಬೆರಳ ತುದಿಗಳು ಹುಣಸೆ ಬೀಜದ ಹಾಗೆ ಕಂದಾಗಿ ನುಣುಪಾಗಿದ್ದವು. ಪುಸ್ತಕದ ಹಾಳೆ ಆ ಬೆರಳುಗಳಿಗೆ ಸಿಗುತ್ತಿರಲಿಲ್ಲ, ಎಡಗೈಯಿಂದ ಮಗುಚುತ್ತಿದ್ದರು. ಹತ್ತಿರ ಬಂದರೆ ವೀಳ್ಯದೆಲೆಯ ವಾಸನೆಯ ಜೊತೆಗೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಇವತ್ತಿಗೂ ಎಲ್ಲಿಯಾದರೂ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ ಉಳಿದವರು ಮೂಗು ಮುಚ್ಚಿಕೊಂಡು ಓಡುತ್ತಾರೆ, ನಾನು ಒಂದು ಗಳಿಗೆ ನಿಲ್ಲುತ್ತೇನೆ. ಮನೆಯವರು ಬೈಯುತ್ತಾರೆ, ಬೈಯಲಿ.

ಅರುವತ್ತರ ದಶಕದ ನಡುವಿನಲ್ಲಿ ನನ್ನನ್ನು ಪುತ್ತೂರಿನಿಂದ ಕೋಡಿಂಬಾಳದ ಆಚೆಗಿನ ಒಂದು ಶಾಲೆಗೆ ಟೀಚರಾಗಿ ಹಾಕಿದರು. ಕಡಬದಲ್ಲಿ ಬಸ್ಸಿಳಿದು ನಡೆಯಬೇಕು, ನಡುವೆ ತೋಡು ದಾಟಬೇಕು. ಮಳೆಗಾಲದಲ್ಲಿ ತೋಡಿಗೆ ಅಡ್ಡ ಹಾಕಿದ ಅಡಿಕೆ ಮರದ ಸಂಕ ಕೊಚ್ಚಿಹೋದರೆ ಶಾಲೆಗೆ ರಜೆ. ಸೀರೆಯ ನೆರಿಗೆ ಒದ್ದೆಯಾದರೆ ಅಳು ಬರುವ ಪ್ರಾಯ ನನ್ನದು. ಮೊದಲ ದಿನ ಅಧ್ಯಾಪಕರ ಕೋಣೆಗೆ ಹೋದಾಗ ಇವರು ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು, ಮುರಿದ ಕೊಡೆಯ ಕಡ್ಡಿಯೊಂದನ್ನು ಕೆಂಡದಲ್ಲಿ ಕಾಯಿಸುತ್ತಿದ್ದರು. ತಲೆ ಎತ್ತದೆಯೇ ಕೇಳಿದರು, "ನಿಮಗೆ ಊದಲಿಕ್ಕೆ ಬರ್ತದಾ ಟೀಚರೆ?"

"ಎಂತ ಊದುದು?" ಎಂದೆ.

"ಹಾಗಾದರೆ ಬರುದಿಲ್ಲ," ಎಂದು ಮತ್ತೆ ಕೆಂಡದ ಕಡೆಗೆ ತಿರುಗಿದರು. ನಮ್ಮ ಪರಿಚಯ ಆದದ್ದು ಇಷ್ಟರಲ್ಲಿ.

ಅವರು ಶಾಲೆಯ ಕ್ರಾಫ್ಟ್ ಮಾಸ್ಟ್ರು. ಊರಿನ ಮರ್ಯಾದೆಯ ಮನೆತನದವರು, ಮನೆಯಲ್ಲಿ ಆಡುವುದು ಅರೆಭಾಷೆ. ಮಕ್ಕಳಿಗೆ ತಕಲಿಯಲ್ಲಿ ನೂಲು ತೆಗೆಯಲು ಕಲಿಸುವುದು ಅವರ ಕೆಲಸ. ತಕಲಿಯಿಂದ ನೂಲಿಗಿಂತ ಜಗಳವೇ ಹೆಚ್ಚು ಹುಟ್ಟುತ್ತಿದ್ದ ಕಾರಣ ಅವರು ನೂಲನ್ನು ಬೇಗ ಮುಗಿಸಿ ಕೊಳಲಿಗೆ ಕೂರುತ್ತಿದ್ದರು. ಚಿಕ್ಕಂದಿನಲ್ಲಿ ಸುಬ್ರಹ್ಮಣ್ಯದಲ್ಲಿ ಯಾರೋ ಯಾತ್ರಿಕ ಮೆಟ್ಟಿಲ ಮೇಲೆ ಕೂತು ಊದಿದ್ದನ್ನು ಕೇಳಿದ್ದರಂತೆ. ಅಂದು ಹತ್ತಿದ ಹುಚ್ಚು. ಶಾಲೆಯ ಮಕ್ಕಳೆಲ್ಲ ಸಾಲಾಗಿ ನಿಂತು ಒಟ್ಟಿಗೆ ಕೊಳಲು ಊದಬೇಕು ಎಂಬುದು ಅವರ ಒಂದೇ ಆಸೆ.

ಮೊದಲು ವಾಟೆ ಬಿದಿರಿನಲ್ಲಿ ಮಾಡಿ ನೋಡಿದರು. ನಮ್ಮ ಕಡೆಯ ಮಳೆಗೆ ಬಿದಿರು ತಡೆಯುತ್ತದೆಯೇ? ಆಷಾಢದಲ್ಲಿ ಬೂಸಲು, ಚಳಿಗಾಲದಲ್ಲಿ ಕುಟ್ಟೆ ಹುಳು, ಬೇಸಗೆಯಲ್ಲಿ ಬಿರುಕು. ಸಾಲದ್ದಕ್ಕೆ ಒಂದು ಬಿದಿರಿನ ಹಾಗೆ ಇನ್ನೊಂದಿಲ್ಲ, ಒಂದರ ಸ್ವರ ಇನ್ನೊಂದಕ್ಕೆ ಸೇರುವುದಿಲ್ಲ. ಹೀಗಿರುವಾಗ ಸುಬ್ರಹ್ಮಣ್ಯದಲ್ಲಿ ಯಾತ್ರಿಕರ ವಸತಿಯೊಂದಕ್ಕೆ ಗುಡ್ಡೆಯಿಂದ ನೀರು ತರಲು ಕಪ್ಪು ಪ್ಲಾಸ್ಟಿಕ್ ಪೈಪು ಹಾಕುತ್ತಿದ್ದುದು ಅವರ ಕಣ್ಣಿಗೆ ಬಿತ್ತು. ಉಳಿದ ತುಂಡುಗಳ ಸುರುಳಿಯನ್ನು ಕೇಳಿ ತೆಗೆದುಕೊಂಡು, ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದರು. "ಇದೆಂತ ಮಾಸ್ಟ್ರೆ, ಹಾವಾ?" ಎಂದು ಕಂಡಕ್ಟರ್ ಕೇಳಿದನಂತೆ. "ಸುಬ್ರಹ್ಮಣ್ಯದಿಂದ ಹಾವು ಬಂದರೆ ಬೇಡ ಹೇಳ್ಲಿಕ್ಕೆ ನೀನು ಯಾರು ಮಾರಾಯ?" ಎಂದು ಇವರು ಮುಂದಿನ ಸೀಟಿನಲ್ಲೇ ಕೂತರಂತೆ.

ಪೈಪು ಸುರುಳಿಯಾಗಿ ಬರುವುದರಿಂದ ಕತ್ತರಿಸಿದ ತುಂಡು ಬಾಳೆಕಾಯಿಯ ಹಾಗೆ ಬಾಗಿರುತ್ತಿತ್ತು. ಅದರ ಒಳಗೆ ಕಬ್ಬಿಣದ ಸರಳು ತೂರಿಸಿ, ಕುದಿಯುವ ನೀರಿನಲ್ಲಿ ಅದ್ದಿ, ತೋಡಿಗೆ ಒಯ್ದು ತಣಿಸಿದರೆ ನೆಟ್ಟಗೆ ನಿಲ್ಲುತ್ತಿತ್ತು. ಒಂದು ತುದಿಗೆ ಔಷಧಿ ಬಾಟಲಿಯ ಬೂಚು. ಕಾದ ಕಡ್ಡಿಯಿಂದ ಸಣ್ಣ ತೂತು, ಆಮೇಲೆ ದಪ್ಪ ಸರಳಿನಿಂದ ಸ್ವಲ್ಪ ಸ್ವಲ್ಪವೇ ಅಗಲ ಮಾಡುವುದು. "ಸುಟ್ಟದ್ದು ವಾಪಸು ಬರುದಿಲ್ಲ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು, ಹೇಳಿಕೊಳ್ಳುತ್ತಲೇ ಹೆಚ್ಚು ಸುಡುತ್ತಿದ್ದರು. ಕೈ ಅಷ್ಟೇನೂ ಹದವಲ್ಲ, ತಾಳ್ಮೆ ಅದಕ್ಕಿಂತ ಕಡಿಮೆ. ಒಮ್ಮೆ ದೊಡ್ಡದಾದ ತೂತುಗಳ ಅಂಚಿಗೆ ಹಲಸಿನ ಮೇಣ ಮೆತ್ತಿ ಸಣ್ಣದು ಮಾಡಿದರು. ಆ ಕೊಳಲು ಊದಿದ ಹುಡುಗನ ಬೆರಳು ಅಂಟಿಕೊಂಡು, ಅವನು ಕೊಳಲು ಹಿಡಿದ ಹಾಗೆಯೇ ಅಳುತ್ತಾ ನನ್ನ ತರಗತಿಗೆ ಬಂದ. ತೆಂಗಿನೆಣ್ಣೆ ಹಚ್ಚಿ ಬಿಡಿಸಿದೆ. ಮಾಸ್ಟ್ರು ಬಾಗಿಲಲ್ಲಿ ನಿಂತು, "ಸ್ವರ ಹೇಗಿತ್ತು ಮಾರಾಯ?" ಎಂದು ಅವನನ್ನೇ ಕೇಳಿದರು.

ಕೇಳಲೇಬೇಕಿತ್ತು, ಯಾಕೆಂದರೆ ಅವರಿಗೆ ಊದಲು ಬರುತ್ತಿರಲಿಲ್ಲ. ಎಳವೆಯಲ್ಲಿ ಮರದಿಂದ ಬಿದ್ದು ಮುಂದಿನ ಹಲ್ಲುಗಳು ಹೋಗಿ, ಮೇಲಿನ ತುಟಿ ಸೀಳಿ, ಅಡ್ಡಾದಿಡ್ಡಿ ಕೂಡಿಕೊಂಡಿತ್ತು. ಅವರು ಕೊಳಲಿಗೆ ಬಾಯಿಟ್ಟರೆ ಬರುತ್ತಿದ್ದುದು ಬರೀ ಗಾಳಿ. ಕಿವಿ ಮಾತ್ರ ಬಲು ಚುರುಕು. ಮಾಡಿದ ಕೊಳಲನ್ನು ಬೇರೆ ಯಾರಾದರೂ ಊದಬೇಕು, ಇವರು ಕಣ್ಣು ಮುಚ್ಚಿ ಕೇಳಿ ತೂತು ಅಗಲಿಸಬೇಕು. ನನ್ನ ಕೈಯಲ್ಲಿ ಊದಿಸಿ ನೋಡಿ ಎರಡೇ ದಿನದಲ್ಲಿ ಆಸೆ ಬಿಟ್ಟರು.

ಊದುವವಳು ಸಿಕ್ಕಿದ್ದು ಕಸದ ಗುಂಡಿಯ ಹತ್ತಿರ. ಏಳನೆಯ ತರಗತಿಯ ಚನಿಯಾರು, ಮಾಸ್ಟ್ರು ಬಿಸಾಡಿದ ಒಂದು ಕೆಟ್ಟ ಕೊಳಲನ್ನು ಹೆಕ್ಕಿ, ಗೋಡೆಯ ಹಿಂದೆ ನಿಂತು ಊದುತ್ತಿದ್ದಳು. ಕೆಟ್ಟ ಕೊಳಲಿನಿಂದಲೇ ಅಷ್ಟು ಸ್ವಚ್ಛ ಸ್ವರ. ಮಾಸ್ಟ್ರು ಕೆಂಡದ ಮುಂದಿನಿಂದ ಎದ್ದು ಓಡಿದ್ದನ್ನು ನಾನು ಕಂಡೆ. ಅವಳು ಬೈಗುಳ ಬೀಳುತ್ತದೆ ಎಂದು ಕೊಳಲನ್ನು ಬೆನ್ನ ಹಿಂದೆ ಅಡಗಿಸಿದಳು. ಗುಡ್ಡೆಯ ಬದಿಯಲ್ಲಿ, ಆಗಿನವರು ಹರಿಜನರು ಎನ್ನುತ್ತಿದ್ದವರ ಗುಡಿಸಲಿನಿಂದ ಬರುವ ಹುಡುಗಿ ಅವಳು. ತರಗತಿಯಲ್ಲಿ ಕೊನೆಯ ಬೆಂಚು, ನೀರು ಬೇಕಾದರೆ ಯಾರಾದರೂ ಮೇಲಿನಿಂದ ಅವಳ ಬೊಗಸೆಗೆ ಹೊಯ್ಯಬೇಕು. ಅದನ್ನು ವಿಚಿತ್ರ ಎಂದುಕೊಂಡವರು ನಮ್ಮಲ್ಲಿ ಯಾರೂ ಇರಲಿಲ್ಲ.

ಅಂದಿನಿಂದ ಪ್ರತಿ ಕೊಳಲೂ ಮೊದಲು ಚನಿಯಾರುವಿನ ಬಾಯಿಗೆ. ಅವಳು ಊದುವುದು, ಇವರು ಸುಡುವುದು, ಮತ್ತೆ ಊದುವುದು. ಸ್ವರ ಸರಿಯಾದರೆ ಅವಳು ಬಾಯಿಂದ ತೆಗೆಯದೆಯೇ ಹುಬ್ಬು ಏರಿಸುತ್ತಿದ್ದಳು. ಅವಳ ಹುಬ್ಬು ಏರಿದರೆ ಇವರ ಮುಖ ಅರಳುತ್ತಿತ್ತು. ಮೊದಲ ಬಾರಿಗೆ ಕೊಳಲುಗಳೆಲ್ಲ ಒಂದೇ ಸ್ವರಕ್ಕೆ ನಿಂತವು. ವಾರ್ಷಿಕೋತ್ಸವಕ್ಕೆ ಎಲ್ಲ ಮಕ್ಕಳೂ ಒಟ್ಟಿಗೆ ಊದುವುದು, ಮುಂದೆ ಚನಿಯಾರು ನಿಲ್ಲುವುದು ಎಂದು ತೀರ್ಮಾನವಾಯಿತು.

ಶಾಲೆಯ ಮಾತು ಊರಿಗೆ ಹೋಗಲು ತೋಡು ಅಡ್ಡ ಬರುವುದಿಲ್ಲ. ಒಂದು ಬೆಳಿಗ್ಗೆ ಜಗಲಿ ತುಂಬಾ ಜನ. ತಮ್ಮ ಮಕ್ಕಳು ಬಾಯಿಗಿಡುವ ಕೊಳಲು ಮೊದಲು ಅವಳ ಎಂಜಲಾಗಿ ಬರುವುದೆಂದರೆ ಹೇಗೆ? ಅವಳನ್ನು ಬಿಡಿಸಿ, ಇಲ್ಲವೇ ನಮ್ಮ ಮಕ್ಕಳನ್ನು ಬಿಡಿಸುತ್ತೇವೆ ಎಂದರು. ತೊಳೆದು ಕೊಡುತ್ತೇನೆ ಎಂದು ಮಾಸ್ಟ್ರು ಹೇಳಿದರು, ಯಾರೂ ಒಪ್ಪಲಿಲ್ಲ. ಆಗ ಊರಿನ ದೊಡ್ಡ ಮನೆಯ ಅಜ್ಜಿ, ಮೊಮ್ಮಗನ ಕೈ ಹಿಡಿದು ಬಂದವರು, ಕೋಲು ಊರಿ ಎದ್ದರು.

"ಕೊಳಲನ್ನು ಸುಡುದಲ್ಲವಾ ಮಾಸ್ಟ್ರೆ? ಬೆಂಕಿ ತಾಗಿದ ಮೇಲೆ ಎಂಜಲು ಎಲ್ಲಿ ಉಳೀತದೆ? ಅವಳು ಊದಿ ಆದ ಮೇಲೆ ಒಂದು ಸಲ ಕೆಂಡ ತೋರಿಸಿ ಮಕ್ಕಳಿಗೆ ಕೊಡಿ. ಅದಕ್ಕೆಂತ ಇಷ್ಟು ದೊಡ್ಡ ಪಂಚಾತಿಕೆ?"

ಎಲ್ಲರೂ ತಲೆಯಾಡಿಸಿದರು. ನನಗಂತೂ ಹೋದ ಜೀವ ಬಂದ ಹಾಗಾಯಿತು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದು ಮಾಸ್ಟ್ರಿಗೆ ಹೇಳಿದೆ. ಅವರು "ಹೂಂ" ಎಂದರು, ಅಷ್ಟೆ.

ಆಮೇಲೆ ಹಾಗೆಯೇ ನಡೆಯಿತು. ಚನಿಯಾರು ಊದಿ ಕೊಳಲನ್ನು ನೆಲದ ಮೇಲಿಡುವುದು, ಮಾಸ್ಟ್ರು ಅದನ್ನು ಎತ್ತಿ ಕೆಂಡದ ಮೇಲೊಂದು ಸುತ್ತು ತಿರುಗಿಸುವುದು, ಮಕ್ಕಳು ಸಾಲಿನಲ್ಲಿ ನಿಂತು ನೋಡಿ ತೆಗೆದುಕೊಳ್ಳುವುದು. ಮಾಸ್ಟ್ರು ಸರಿಯಾಗಿ ತೋರಿಸಲಿಲ್ಲ ಎಂದು ಕೆಲವು ಮಕ್ಕಳು ತಾವೇ ಇನ್ನೊಂದು ಸಲ ತಿರುಗಿಸುತ್ತಿದ್ದರು. ಒಂದು ದಿನ ಅವರು ನನ್ನ ತರಗತಿಯ ಕಿಟಕಿಯ ಹತ್ತಿರ ಬಂದು, "ಟೀಚರೆ, ನಾವು ದಿನಾ ಆ ಮಗುವಿನ ಬಾಯಿಗೆ ಕೆಂಡ ತೋರಿಸುದು, ಗೊತ್ತುಂಟಾ ನಿಮಗೆ?" ಎಂದರು. ಉತ್ತರಕ್ಕೆ ಕಾಯದೆ ಹೋದರು.

ಮರುದಿನದಿಂದ ಚನಿಯಾರು ಬರಲಿಲ್ಲ. ಎರಡು ದಿನ ನೋಡಿ ಮಾಸ್ಟ್ರು ಗುಡ್ಡೆ ಹತ್ತಿದರು, ನಾನೂ ಹಿಂದಿನಿಂದ ಹೋದೆ. ಅವಳ ತಾಯಿ ಗುಡಿಸಲಿನ ಹೊರಗೆ ಬುಟ್ಟಿ ಹೆಣೆಯುತ್ತಿದ್ದವಳು ಗಾಬರಿಯಿಂದ ಎದ್ದು ನಿಂತಳು. ಚನಿಯಾರು ಬಾಗಿಲ ಕಂಬ ಹಿಡಿದು ನೆಲ ನೋಡುತ್ತಿದ್ದಳು.

"ಯಾಕೆ ಬರುದಿಲ್ಲ?" ಎಂದು ಮಾಸ್ಟ್ರು ಕೇಳಿದರು.

"ನಾನು ಊದಿದ ಮೇಲೆ ಸುಡುದಾದರೆ ನಾನು ಊದುದಿಲ್ಲ ಮಾಸ್ಟ್ರೆ."

ತಾಯಿ ಅವಳ ಬೆನ್ನಿಗೆ ಒಂದು ಕೊಟ್ಟಳು. ಮಾಸ್ಟ್ರು ತಡೆದರು. ಹೊರಡುವಾಗ, "ನಾಡಿದ್ದು ವಾರ್ಷಿಕೋತ್ಸವ. ನೀನು ಬಾ. ಇನ್ನು ಸುಡುದಿಲ್ಲ," ಎಂದರು. ದಾರಿಯಲ್ಲಿ ನಾನು, "ಸುಡದಿದ್ದರೆ ಊರಿನವರು ಬಿಡ್ತಾರಾ?" ಎಂದೆ. "ಅವರನ್ನು ಕೇಳಿ ನಾನು ಮಾತು ಕೊಟ್ಟದ್ದಾ?" ಎಂದು ನನ್ನ ಮೇಲೆಯೇ ರೇಗಿದರು.

ವಾರ್ಷಿಕೋತ್ಸವದ ಸಂಜೆ ಅಂಗಳ ತುಂಬಿತ್ತು. ಮಕ್ಕಳು ಸಾಲಾಗಿ ನಿಂತರು. ಚನಿಯಾರು ಬಂದಿದ್ದಳು, ಒಗೆದ ಲಂಗ ಉಟ್ಟು, ಸಾಲಿನಿಂದ ಒಂದು ಮಾರು ದೂರ ನಿಂತಿದ್ದಳು. ಸ್ವರ ಸೇರಿಸಲು ಮೊದಲು ಅವಳು ಒಬ್ಬಳೇ ಊದಿದಳು. ಅವಳು ಮುಗಿಸುತ್ತಲೇ ಮಾಸ್ಟ್ರು ಹತ್ತಿರ ಹೋಗಿ, ಅವಳ ಕೈಯಿಂದಲೇ ಕೊಳಲನ್ನು ತೆಗೆದುಕೊಂಡು, ಎಲ್ಲರಿಗೂ ಕಾಣುವ ಹಾಗೆ ತಿರುಗಿ, ತಮ್ಮ ಬಾಯಿಗಿಟ್ಟು ಊದಿದರು.

ಸ್ವರ ಬರಲಿಲ್ಲ. ಆ ಸೀಳುತುಟಿಯಿಂದ ಎಲ್ಲಿ ಬರಬೇಕು? ಪುಸ್ಸೆಂದು ಗಾಳಿ ಹೋಯಿತು. ಅವರು ಉಸಿರು ಎಳೆದು ಮತ್ತೊಮ್ಮೆ ಊದಿದರು, ಮತ್ತೂ ಗಾಳಿಯೇ. ಕತ್ತಿನ ನರ ಉಬ್ಬಿತ್ತು. ಮುಂದಿನ ಸಾಲಿನಲ್ಲಿ ಕೂತ ಅವರ ಅಣ್ಣ ಎದ್ದು ನಿಂತರು. ಮಾಸ್ಟ್ರು ಕೊಳಲನ್ನು ಅವಳ ಕೈಗೆ ಕೊಟ್ಟು, "ಇನ್ನು ಊದು," ಎಂದರು.

ಚನಿಯಾರು ಕೊಳಲನ್ನು ನೋಡಿದಳು. ಅದರ ಮೇಲೆ ಅವರ ಎಲೆಯಡಿಕೆಯ ಕೆಂಪು ಹತ್ತಿತ್ತು. ಅವಳು ಏನೂ ಯೋಚಿಸದೆ ಅದನ್ನು ಲಂಗದ ಅಂಚಿಗೆ ಗಸಗಸ ಒರೆಸಿ, ಆಮೇಲೆ ಬಾಯಿಗಿಟ್ಟಳು. ಮೊದಲು ನಕ್ಕದ್ದು ಮಕ್ಕಳು. ಮಾಸ್ಟ್ರೂ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. ಒಂದಿಷ್ಟು ಜನ ತಮ್ಮ ಮಕ್ಕಳನ್ನು ಸಾಲಿನಿಂದ ಎಳೆದುಕೊಂಡು ಹೋದರು, ಅಜ್ಜಿಯ ಮೊಮ್ಮಗನೂ ಹೋದ. ಉಳಿದವರು ಊದಿದರು. ಸಾಲು ಅರ್ಧಕ್ಕೆ ಇಳಿದಿತ್ತು, ಆದರೆ ಸ್ವರ ಸೇರಿತ್ತು.

ಅದರ ಬೆಲೆ ಅವರು ಮನೆಯಲ್ಲಿ ತೆತ್ತರು. ಅಣ್ಣನ ಮಾತಿನಂತೆ ಅವರಿಗೆ ಒಳಗೆ ಊಟ ಇಲ್ಲ, ಜಗಲಿಯಲ್ಲಿ ಎಲೆ. ಬಡಿಸುವವರು ಅವರ ಹೆಂಡತಿ. ಆಕೆ ಎದುರು ಮಾತಾಡುವ ಹೆಂಗಸಲ್ಲ, ಬಡಿಸಿ ಒಳಗೆ ಹೋಗಿ ಅಳುತ್ತಿದ್ದರಂತೆ. ಮಾಸ್ಟ್ರನ್ನು ಕೇಳಿದರೆ, "ಜಗಲಿಯಲ್ಲಿ ಗಾಳಿ ಒಳ್ಳೆಯದುಂಟು ಟೀಚರೆ. ಒಳಗೆ ಹೊಗೆ," ಎನ್ನುತ್ತಿದ್ದರು. ಪ್ರಾಯಶ್ಚಿತ್ತ ಮಾಡಿಕೊಂಡರೆ ಒಳಗೆ ಬರಬಹುದು ಎಂದು ಹೇಳಿ ಕಳುಹಿಸಿದರೂ ಮಾಡಿಕೊಳ್ಳಲಿಲ್ಲ. ಜಗಲಿಯಲ್ಲೇ ಉಂಡರು, ಜಗಲಿಯಲ್ಲೇ ಕೊಳಲು ಸುಟ್ಟರು. ಚನಿಯಾರು ಮರುವರ್ಷ ಶಾಲೆ ಬಿಟ್ಟಳು. ನನಗೆ ಪುತ್ತೂರಿಗೆ ವರ್ಗವಾಯಿತು.

ಕೆಲವು ವರ್ಷ ಕಳೆದು ಒಂದು ಬೇಸಗೆಯಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಬರೀ ಜ್ವರವಂತೆ. ನಾನು ಹೋಗುವಾಗ ಅಂಗಳದಲ್ಲಿ ಮಲಗಿಸಿದ್ದರು. ನಮ್ಮ ಕಡೆಯ ಕ್ರಮದಂತೆ ಒಬ್ಬೊಬ್ಬರೇ ಹೋಗಿ, ಗಿಂಡಿಯಿಂದ ತುಳಸಿ ನೀರನ್ನು ಅವರ ಬಾಯಿಗೆ ಬಿಡುತ್ತಿದ್ದರು. ಅಣ್ಣ ಬಿಟ್ಟರು, ಮಕ್ಕಳು ಬಿಟ್ಟರು, ನೆಂಟರು ಬಿಟ್ಟರು. ಅಂಗಳದ ಕೆಳಗೆ, ಬೇಲಿಯ ಆಚೆ, ಗುಡ್ಡೆಯವರು ನಿಂತಿದ್ದರು. ಅವರ ನಡುವೆ ಚನಿಯಾರು, ಸೊಂಟದಲ್ಲಿ ಒಂದು ಮಗು.

ತಲೆಯ ಹತ್ತಿರ ಕೂತಿದ್ದ ಮಾಸ್ಟ್ರ ಹೆಂಡತಿ ಮುಖ ಎತ್ತಿ ಆ ಕಡೆ ನೋಡಿದರು.

"ಚನಿಯಾರು, ಮಗುವನ್ನು ಯಾರಿಗಾದರೂ ಕೊಟ್ಟು ಇಲ್ಲಿ ಬಾ. ನೀನೂ ನೀರು ಬಿಡು."

ಅಣ್ಣ ಗಂಟಲು ಸರಿಮಾಡಿಕೊಂಡರು. ಆಕೆ ಅವರ ಕಡೆ ನೋಡಲಿಲ್ಲ. "ಇವರಿಗೆ ಇಷ್ಟು ವರ್ಷ ಜಗಲಿಯಲ್ಲಿ ಬಡಿಸಿದ್ದು ನಾನು. ಎಲ್ಲರೂ ಹೇಳಿದ ಹಾಗೆ ಕೇಳಿದ್ದೇನೆ. ಇವತ್ತು ಒಂದು ನಾನು ಹೇಳ್ತೇನೆ," ಎಂದರು.

ಚನಿಯಾರು ಬಂದಳು. ಅವಳು ಬಿಟ್ಟ ನೀರು ಅವರ ತುಟಿಯ ಬದಿಯಿಂದ ಇಳಿಯಿತು, ಅದನ್ನು ಹೆಂಡತಿ ತಮ್ಮ ಸೆರಗಿನಿಂದ ಒರೆಸಿದರು. ಬಿಟ್ಟಾದ ಮೇಲೆ ಚನಿಯಾರು ಅಭ್ಯಾಸಬಲದಿಂದ ಗಿಂಡಿಯನ್ನು ನೆಲದ ಮೇಲಿಡಲು ಬಗ್ಗಿದಳು. ಮುಂದಿನ ಸರದಿ ನನ್ನದು. ನನ್ನ ಹಿಂದೆ ಇದ್ದ ಕೆಲವರು ಆಗಲೇ ಸರಿದು ಹೋಗುತ್ತಿದ್ದರು. ಮಕ್ಕಳಿಗೆ ಪಾಠ ಮಾಡುವುದನ್ನು ನನಗೆ ಬೇರೆ ಯಾರೋ ಕಲಿಸಿದ್ದಾರೆ. ಆ ಗಳಿಗೆಯಲ್ಲಿ ಏನು ಮಾಡಬೇಕೆಂಬುದನ್ನು ಕಲಿಸಿದವರು ಮಾತ್ರ ಅಲ್ಲಿ ಮಲಗಿದ್ದವರೇ. ನಾನು ಕೈ ಮುಂದೆ ಮಾಡಿ, ಅವಳ ಕೈಯಿಂದಲೇ ಗಿಂಡಿ ತೆಗೆದುಕೊಂಡು, ಅವರ ಬಾಯಿಗೆ ನೀರು ಬಿಟ್ಟೆ.