ಕೈಬೀಸಿಕೊಂಡು ಬಂದ ಪದ್ಮತ್ತೆ

ಮನೆಗೆ ಬಂದವರ ಮುಖಕ್ಕಿಂತ ಮೊದಲು ಅವರ ಕೈ ನೋಡುತ್ತಿದ್ದ ಕಾಲ ಅದು. ವಿನೋಬನಗರದ ನಮ್ಮ ಮನೆಯ ಗೇಟು ಕಿರ್ರೆಂದರೆ ಸಾಕು, ಅಜ್ಜಿ ಕಿಟಕಿಯ ಪರದೆಯನ್ನು ಬೆರಳಷ್ಟು ಸರಿಸಿ ಬಂದವರ ಸಾಮಾನನ್ನು ಪರಿಶೀಲಿಸುತ್ತಿದ್ದಳು. ಅವರು ಎಷ್ಟು ದಿನ ಇರುತ್ತಾರೆ, ಏನು ಕೇಳಲು ಬಂದಿದ್ದಾರೆ, ಹೋಗುವಾಗ ಏನು ಒಯ್ಯುತ್ತಾರೆ ಎಂಬ ತೀರ್ಪು ಅವರು ಚಪ್ಪಲಿ ಬಿಡುವುದರೊಳಗೆ ಹೊರಬಿದ್ದಿರುತ್ತಿತ್ತು. ಕೈಚೀಲವಾದರೆ ಊಟ ಮುಗಿಸಿ ಹೊರಡುವವರು. ಸೂಟ್‌ಕೇಸ್ ಎಂದರೆ ಎರಡು ರಾತ್ರಿ. ಹಾಸಿಗೆ ಸುರುಳಿ ಕಂಡರೆ ಅಕ್ಕಿ ಡಬ್ಬದ ಮುಚ್ಚಳ ತೆಗೆದು ನೋಡಿಕೊಳ್ಳಬೇಕು. ಈ ಶಾಸ್ತ್ರದಲ್ಲಿ ಅಜ್ಜಿ ತಪ್ಪಿದ್ದನ್ನು ನಾವು ಕಂಡಿರಲಿಲ್ಲ. ಕಂಡಿದ್ದರೂ ಹೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಏನೂ ಇಲ್ಲದೆ ಬರುವವರ ಬಗ್ಗೆ ಮಾತ್ರ ಶಾಸ್ತ್ರ ಮೌನವಾಗಿತ್ತು. ಅಂಥವರು ಅಲ್ಲಿಯವರೆಗೆ ಬಂದಿರಲೇ ಇಲ್ಲ.

ನಾನಾಗ ಐದನೇ ಕ್ಲಾಸು. ದಸರಾ ರಜೆ. ಬೀದಿಯಲ್ಲಿ ಆಯುಧಪೂಜೆಗೆ ಒಡೆದ ಬೂದುಗುಂಬಳದ ಹೋಳು ಒಣಗಿ, ಕುಂಕುಮದ ಕಲೆಯಷ್ಟೇ ಉಳಿದಿತ್ತು. ಅಡುಗೆಮನೆಯಿಂದ ಕೊಡುಬಳೆ ಕರಿಯುವ ವಾಸನೆ ಬರುತ್ತಿತ್ತು. ಮಧ್ಯಾಹ್ನ ಗೇಟು ತೆಗೆದು ಪದ್ಮತ್ತೆ ಒಳಗೆ ಬಂದಳು.

ಪದ್ಮತ್ತೆ ಎಂದರೆ ಅಪ್ಪನ ತಂಗಿ. ಹಿಂದಿನ ವರ್ಷ ಮದುವೆಯಾಗಿ ಭದ್ರಾವತಿಗೆ, ಕಾರ್ಖಾನೆಯ ಕ್ವಾರ್ಟರ್ಸಿಗೆ ಹೋಗಿದ್ದಳು. ಅಲ್ಲಿಂದೀಚೆಗೆ ಬಂದಾಗಲೆಲ್ಲ ಗಂಡ ಮೂರ್ತಿ ಮಾವನ ಜೊತೆ ಬಂದು, ಸಂಜೆಯ ಬಸ್ಸಿಗೆ ಹೊರಟುಬಿಡುತ್ತಿದ್ದಳು. ಈ ಸಲ ಒಬ್ಬಳೇ. ಹೆಗಲಲ್ಲಿ ಒಂದು ವ್ಯಾನಿಟಿ ಬ್ಯಾಗು, ಕೈಯಲ್ಲಿ ಬಾಳೆಎಲೆಯಲ್ಲಿ ಸುತ್ತಿದ ಸೇವಂತಿಗೆ. ಅಷ್ಟೇ.

ಅಜ್ಜಿ ಅವಳ ಬೆನ್ನ ಹಿಂದೆ ನೋಡಿದಳು. ಗೇಟಿನಾಚೆಗೂ ನೋಡಿದಳು.

"ಎಲ್ಲೇ ನಿನ್ ಸಾಮಾನು?"

"ಸಾಮಾನ್ ಯಾಕಮ್ಮ? ನಾನೇ ಬಂದಿದೀನಲ್ಲ!"

"ಹಾಗಾದ್ರೆ ಸಂಜೆ ಹೋಗ್ತೀಯಾ?"

"ಇಲ್ಲಪ್ಪ, ನಾಲ್ಕ್ ದಿನ ಇರ್ತೀನಿ. ಅತ್ತಿಗೇ, ಕೊಡುಬಳೆನಾ? ಬಿಸಿ ಇರೋದ್ ಕೊಡಿ."

ಅಜ್ಜಿಯೂ ಅಮ್ಮನೂ ಒಬ್ಬರನ್ನೊಬ್ಬರು ನೋಡಿಕೊಂಡರು. ಆ ನೋಟದಲ್ಲೇ ವಿಚಾರಣೆ ಆರಂಭವಾಯಿತು. ಮದುವೆಯಾದ ಹೆಣ್ಣುಮಗಳು ಗಂಡನ ಮನೆಯಿಂದ ಉಟ್ಟ ಸೀರೆಯಲ್ಲಿ ಬಂದು ನಿಲ್ಲುವುದಕ್ಕೆ ನಮ್ಮ ಬೀದಿಗೆ ಗೊತ್ತಿದ್ದದ್ದು ಒಂದೇ ಕಾರಣ.

ಅತ್ತೆ ಮೂರು ಕೊಡುಬಳೆ ತಿಂದು, ಸೆರಗಿಗೆ ಕೈ ಒರೆಸಿಕೊಂಡು, "ಅತ್ತಿಗೆ, ಸ್ನಾನ ಮಾಡ್ತೀನಿ. ನನ್ ಟ್ರಂಕಿಂದ ಆ ಹಸಿರು ಸೀರೆ ತಗೋತೀನಿ" ಎಂದಳು.

ಅಮ್ಮನ ಕೈಯಲ್ಲಿದ್ದ ಜಾಲರಿ ಬಾಣಲೆಯ ಮೇಲೆ ಹಾಗೇ ನಿಂತಿತು. "ಟ್ರಂಕು ಅಟ್ಟದ ಮೇಲಿದೆ ಮಾರಾಯ್ತಿ. ಏಣಿ ಬೇರೆ ಯಾರೋ ಒಯ್ದಿದಾರೆ. ನನ್ ಸೀರೆ ಉಟ್ಕೋ."

ಟ್ರಂಕು ಅಟ್ಟದ ಮೇಲೆ ಇದ್ದದ್ದು ನಿಜ. ಅದರೊಳಗೆ ಅಪ್ಪನ ಶಾಲೆಯ ಹಳೆಯ ಉತ್ತರಪತ್ರಿಕೆಗಳಿದ್ದದ್ದೂ ನಿಜ. ಅತ್ತೆಯ ಸೀರೆ, ಲಂಗ, ಟವೆಲುಗಳು ಮಾತ್ರ ಇರಲಿಲ್ಲ. ಆ ಬೇಸಿಗೆಯಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು "ಹಳೇ ಬಟ್ಟೆಗೆ ಪಾತ್ರೇ" ಎಂದು ಕೂಗುತ್ತ ಬಂದ ಹೆಂಗಸಿಗೆ ಅವು ಸಂದಿದ್ದವು. ಅವಳು ಒಂದೊಂದು ಸೀರೆಯನ್ನೂ ಬಿಸಿಲಿಗೆ ಹಿಡಿದು, ನಾವು ತೂತು ಮುಚ್ಚಿಡುತ್ತಿದ್ದೇವೆಂಬ ಅನುಮಾನದಿಂದ ನೋಡಿದ್ದಳು. ಅಮ್ಮ ಅವಳ ಡಬರಿಯ ತಳವನ್ನು ಅಷ್ಟೇ ಅನುಮಾನದಿಂದ ಬಡಿದು ನೋಡಿದ್ದಳು. ಹಸಿರು ಸೀರೆಯನ್ನು ಕೊನೆಗೆ ಮುಚ್ಚಳಕ್ಕೆಂದು ಸೇರಿಸಿ ವ್ಯವಹಾರ ಮುಗಿದಿತ್ತು. "ಮದುವೆಯಾದ್ಮೇಲೆ ಇವನ್ನೆಲ್ಲ ಅವಳೆಲ್ಲಿ ಉಡ್ತಾಳೆ" ಎಂದು ಅಜ್ಜಿಯೇ ಒಪ್ಪಿಗೆ ಕೊಟ್ಟಿದ್ದಳು. ಒಂದು ದೊಡ್ಡ ಸ್ಟೀಲ್ ಡಬರಿ, ಮುಚ್ಚಳ ಸಮೇತ.

ಅಂದು ರಾತ್ರಿಯ ಮಜ್ಜಿಗೆಹುಳಿ ಬಂದದ್ದು ಅದೇ ಡಬರಿಯಲ್ಲಿ.

"ಡಬರಿ ಹೊಸದಾ ಅತ್ತಿಗೆ? ಥಳಥಳ ಅಂತಿದೆ."

"ಹೂಂ... ಹೀಗೇ, ತಗೊಂಡಿದ್ದು. ಅನ್ನ ಹಾಕ್ಲಾ?"

ಹೀಗೆ ಮನೆಯಲ್ಲಿ ಎರಡು ಗುಟ್ಟುಗಳಾದವು. ಒಂದನ್ನು ಅತ್ತೆ ಮುಚ್ಚಿಟ್ಟಿದ್ದಾಳೆಂದು ಅಮ್ಮ, ಅಜ್ಜಿ ನಂಬಿದ್ದರು. ಇನ್ನೊಂದನ್ನು ಅವರೇ ಮುಚ್ಚಿಟ್ಟಿದ್ದರು. ತಮ್ಮ ಗುಟ್ಟು ಭಾರವಾದಷ್ಟೂ ಅವರು ಅತ್ತೆಯ ಗುಟ್ಟನ್ನು ಹೆಚ್ಚು ಶ್ರದ್ಧೆಯಿಂದ ಹುಡುಕಿದರು.

ಮರುದಿನ ಅತ್ತೆ ಎಂಟು ಗಂಟೆಯವರೆಗೆ ಮಲಗಿದಳು. ರಾತ್ರಿಯೆಲ್ಲ ಅತ್ತವರು ಹೀಗೇ ಮಲಗುವುದು, ಎಂದಳು ಅಜ್ಜಿ. ಎದ್ದವಳು ಅಕ್ಕಿರೊಟ್ಟಿಯನ್ನು ಎರಡೆರಡು ಸಲ ಹಾಕಿಸಿಕೊಂಡಳು. ಅಲ್ಲಿ ಊಟಕ್ಕೆ ಹಾಕುತ್ತಿರಲಿಲ್ಲವೇನೋ. ನನ್ನನ್ನೂ ತಮ್ಮನನ್ನೂ ಜಗಲಿಯಲ್ಲಿ ಕೂರಿಸಿಕೊಂಡು, ಸುಣ್ಣದ ಕಡ್ಡಿಯಲ್ಲಿ ಮನೆ ಬರೆದು ಚೌಕಾಬಾರ ಆಡಿದಳು. ಕವಡೆ ನಾಲ್ಕೂ ಮಗುಚಿ ಬಿದ್ದಾಗ ಬೀದಿಗೆ ಕೇಳುವಂತೆ ಕೂಗಿದಳು. ತಮ್ಮನ ಕಾಯಿ ಕಡಿದು, ಅವನು ಅತ್ತರೂ ವಾಪಸು ಕೊಡಲಿಲ್ಲ.

"ಎಷ್ಟ್ ನಗ್ತಾಳೆ ನೋಡು" ಎಂದಳು ಅಜ್ಜಿ, ಅಡುಗೆಮನೆಯ ಬಾಗಿಲಲ್ಲಿ. "ಒಳಗೆ ಸಂಕಟ ಇದ್ದೋರು ಹೀಗೇ."

ಎದುರುಮನೆಯ ಶಾರದಮ್ಮ ಹೆಪ್ಪು ಕೇಳುವ ನೆಪದಲ್ಲಿ ಬಂದರು. ಅವರ ಮನೆಯಲ್ಲಿ ಎಮ್ಮೆಯೇ ಇತ್ತು. ಹೆಪ್ಪಿಗೆ ಬರ ಬರುವ ಮನೆಯಲ್ಲ ಅದು.

"ಪದ್ಮ ಬಂದಿದಾಳಂತೆ?"

"ಹೂಂ, ಬಂದಿದಾಳೆ" ಎಂದಳು ಅಜ್ಜಿ.

"ಕೈಬೀಸ್ಕೊಂಡ್ ಬಂದ್ಲಂತೆ?"

"ಸಾಮಾನು ಹಿಂದಿಂದ ಬರತ್ತೆ" ಎಂದು ಅಜ್ಜಿ ಹೆಪ್ಪಿನ ಬಟ್ಟಲನ್ನು ಅವರ ಕೈಗಿಟ್ಟು, ಕಣ್ಣಿನಲ್ಲೇ ಗೇಟು ತೋರಿಸಿದಳು. ಆದರೆ ಅವರು ಹೋದ ಮೇಲೆ ಕುಸಿದು ಕೂತು, ಅಪ್ಪನಿಗೆ, "ನಾಳೆನೇ ಭದ್ರಾವತಿಗೆ ಹೋಗಿ ಬಾ. ನಮ್ ಹುಡುಗಿ ಬಾಳು" ಎಂದಳು. ಅದರಲ್ಲಿ ನಾಟಕವಿರಲಿಲ್ಲ.

ಅಪ್ಪ ಹೈಸ್ಕೂಲಿನಲ್ಲಿ ಸಂಸ್ಕೃತ ಮೇಷ್ಟ್ರು. ತಂಗಿಯನ್ನು ಎದುರು ಕೂರಿಸಿಕೊಂಡು "ಏನಮ್ಮ ವಿಷಯ" ಎಂದು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಹಾಗೆ ನೇರವಾಗಿ ಕೇಳುವುದು ನಮ್ಮಲ್ಲಿ ಅಸಭ್ಯತೆ. ಬೆನ್ನ ಹಿಂದೆ ಬಸ್ಸು ಹತ್ತಿ ಹೋಗಿ ವಿಚಾರಿಸುವುದು ಮರ್ಯಾದೆ. ಶಾಲೆಯ ಕೆಲಸವೆಂದು ಹೇಳಿ, ಒಂದು ಚಿಪ್ಪು ಬಾಳೆಹಣ್ಣು ಹಿಡಿದು, ನೆಪಕ್ಕೆ ನನ್ನನ್ನೂ ಕರೆದುಕೊಂಡು ಹೊರಟರು.

ಅರ್ಧ ಮುಕ್ಕಾಲು ಗಂಟೆಯ ದಾರಿ. ಅಪ್ಪ ದಾರಿಯುದ್ದಕ್ಕೂ ತುಟಿ ಅಲ್ಲಾಡಿಸುತ್ತ, ಭಾವಮೈದುನನಿಗೆ ಹೇಳಬೇಕಾದ ಬುದ್ಧಿಮಾತುಗಳನ್ನು ಒಪ್ಪಿಸಿಕೊಳ್ಳುತ್ತಿದ್ದರು. ಕ್ವಾರ್ಟರ್ಸಿನ ಸಾಲಿನಲ್ಲಿ ಬಿಸಿ ಕಬ್ಬಿಣದ ವಾಸನೆ, ಪ್ರತಿ ಮನೆಯ ಮುಂದೊಂದು ನುಗ್ಗೆಮರ. ಪಕ್ಕದ ಮನೆಯ ತಮಿಳು ಹೆಂಗಸು ನಮ್ಮನ್ನು ಕಂಡು, "ಒಳಗೇ ಇದಾರೆ ಸಾಮಿ. ಒಬ್ರೇ ಅಡುಗೆ ಮಾಡ್ಕೊತಾರೆ, ಪಾವಂ" ಎಂದಳು. ಆ ಮರುಕ ಅಪ್ಪನ ಅನುಮಾನಕ್ಕೆ ಮುದ್ರೆ ಒತ್ತಿತು.

ಮಾವ ಬನಿಯನ್ನಿನಲ್ಲಿ, ಕೈಯಲ್ಲಿ ಸೌಟು ಹಿಡಿದೇ ಬಾಗಿಲಿಗೆ ಬಂದರು. ನಮ್ಮನ್ನು ನೋಡಿ ಅವರ ಮುಖ ಬಿಳಿಚಿತು.

"ಭಾವಾ! ಪದ್ಮ ಹುಷಾರಾಗಿದಾಳಾ?"

"ಹುಷಾರಾಗಿದಾಳೆ. ನೀವು?"

"ನಾನೂ ಹುಷಾರು."

"ಇಬ್ಬರೂ ಹುಷಾರು. ಬಹಳ ಸಂತೋಷ" ಎಂದರು ಅಪ್ಪ, ಶವಪರೀಕ್ಷೆಯ ವರದಿ ಓದುವ ದನಿಯಲ್ಲಿ. ಆಮೇಲೆ ಗಂಟಲು ಸರಿಮಾಡಿಕೊಂಡು, "ಅಲ್ಲ ಮೂರ್ತಿಯವರೇ, ಸಂಸಾರ ಅಂದಮೇಲೆ ಒಂದು ಮಾತು ಬರತ್ತೆ, ಹೋಗತ್ತೆ..." ಎಂದು ಶುರುಮಾಡಿದರು.

"ಏನ್ ಮಾತು ಭಾವ?"

"ಅವಳು ಹಾಗೇ ಬಂದುಬಿಟ್ಲಲ್ಲ. ಒಂದು ಚೀಲ ಕೂಡ ಇಲ್ಲದೆ."

ಮಾವ ಸೌಟು ಹಿಡಿದೇ ಜೋರಾಗಿ ನಕ್ಕರು. "ಅಯ್ಯೋ, ನಾನೂ ಅದನ್ನೇ ಕೇಳ್ದೆ ಭಾವ! ಸೂಟ್‌ಕೇಸ್ ಇಳಿಸಿ ಒರೆಸಿಕೊಟ್ಟೆ. ನನ್ನೇ ಬೈದ್ಲು. ನಾನೇನ್ ನೆಂಟರ ಮನೆಗೆ ಹೋಗ್ತಿದೀನಾ, ನನ್ ಸೀರೆ, ನನ್ ಟವೆಲು ಎಲ್ಲಾ ಅಲ್ಲೇ ಟ್ರಂಕಲ್ಲಿ ಇದೆ ಅಂದ್ಲು."

ಅಪ್ಪ ನಗಲಿಲ್ಲ. ನೆಲ ನೋಡಿದರು. ಮಾವನ ನಗು ನಿಧಾನವಾಗಿ ನಿಂತಿತು.

"ಯಾಕ್ ಭಾವ, ಇಲ್ವಾ?"

"ಇದೆ, ಇದೆ. ಇರದೇ ಏನು."

ಮೂವತ್ತು ಮಕ್ಕಳ ಸುಳ್ಳನ್ನು ಒಂದೇ ನೋಟಕ್ಕೆ ಹಿಡಿಯುತ್ತಿದ್ದ ಅಪ್ಪನಿಗೆ ತಾವೇ ಒಂದು ಹೇಳುವುದು ಬರಲಿಲ್ಲ. ಮಾವ ನಮಗೆ ಕಾಫಿ ಕೊಟ್ಟು ಒಳಗೆ ಹೋದರು. ಬೀರು ತೆಗೆದ ಸದ್ದಾಯಿತು. ಹೊರಗೆ ಬಂದಾಗ ಕೈಯಲ್ಲಿ ಕಂದು ಬಣ್ಣದ ಸೂಟ್‌ಕೇಸ್ ಇತ್ತು.

"ಅಲ್ಲಿ ಎಲ್ಲಾ ಇದ್ರೂ, ಇದು ಇರ್ಲಿ ಭಾವ" ಎಂದರು.

ನಾವು ಮನೆ ಮುಟ್ಟಿದಾಗ ಅತ್ತೆ ಜಗಲಿಯಲ್ಲಿ ಅಮ್ಮನ ಸೀರೆಯುಟ್ಟು, ಸೇವಂತಿಗೆ ಕಟ್ಟುತ್ತ ಕೂತಿದ್ದಳು. ಮೊದಲು ಅಣ್ಣನನ್ನು ನೋಡಿ ನಕ್ಕಳು. ಆಮೇಲೆ ಅವರ ಕೈ ನೋಡಿದಳು.

"ಇದ್ ನಮ್ ಸೂಟ್‌ಕೇಸ್ ಅಲ್ವಾ?"

ಅಪ್ಪ ಅದನ್ನು ಮೆಲ್ಲಗೆ ಕೆಳಗಿಟ್ಟರು.

"ಭದ್ರಾವತಿಗೆ ಹೋಗಿದ್ಯಾ ಅಣ್ಣ? ಯಾಕೆ?"

ಬಾಗಿಲಿಗೆ ಬಂದ ಅಜ್ಜಿಯೇ ಹೇಳಿಬಿಟ್ಟಳು. "ಏನೋ ಆಗಿದೆ ಅಂತ ಹೆದರಿದ್ವಿ ಕಣೇ. ಬರಿಗೈಲಿ ಬಂದ್ಯಲ್ಲ."

"ನಾನ್ ಓಡಿ ಬಂದಿದೀನಿ ಅಂದ್ಕೊಂಡ್ರಾ!" ಅತ್ತೆಗೆ ನಗು ಬಂತು. ನಗುತ್ತಲೇ ಕೇಳಿದಳು, "ಬಟ್ಟೆ ಯಾಕೆ ತರ್ಬೇಕಿತ್ತಮ್ಮ? ಟ್ರಂಕಲ್ಲಿ..."

ಅಲ್ಲಿಗೆ ನಿಲ್ಲಿಸಿ ಅಮ್ಮನ ಮುಖ ನೋಡಿದಳು. ಅಮ್ಮ ಸೆರಗಿನ ತುದಿ ಸುತ್ತುತ್ತ ಎಲ್ಲವನ್ನೂ ಹೇಳಿದಳು, ಮುಚ್ಚಳದ ವಿಷಯವನ್ನೂ ಬಿಡದೆ.

ಅತ್ತೆ ಕಟ್ಟುತ್ತಿದ್ದ ಮಾಲೆಗೆ ಗಂಟು ಹಾಕಿ ಮುಗಿಸಿದಳು. "ಡಬರಿ ಚೆನ್ನಾಗಿದೆ ಅತ್ತಿಗೆ" ಎಂದಳು. ವ್ಯಂಗ್ಯವೇನೂ ಇರಲಿಲ್ಲ. ಒಳಗೆ ಹೋಗಿ ಸೂಟ್‌ಕೇಸ್ ತೆಗೆದು ತನ್ನ ಸೀರೆ ಉಟ್ಟಳು. ಅಮ್ಮನದನ್ನು ಮಡಿಸಿ, ಅಂಚಿಗೆ ಅಂಚು ಕೂಡಿಸಿ ಮಂಚದ ಮೇಲಿಟ್ಟಳು. ರಾತ್ರಿ ಚೌಕಾಬಾರಕ್ಕೆ ಕರೆದೆವು. ಬಂದಳು, ಆಡಿದಳು. ತಮ್ಮನ ಕಾಯಿ ಕಡಿದಾಗ ಅವನು ಅಳುವ ಮೊದಲೇ ವಾಪಸು ಕೊಟ್ಟಳು. ನನಗೆ ಆ ಮನೆಯಲ್ಲಿ ನಿಜವಾದ ಅನುಮಾನ ಹುಟ್ಟಿದ್ದು ಆಗಲೇ.

ನಾಲ್ಕು ದಿನ ತುಂಬಲು ಕಾಯದೆ ಮರುದಿನ ಬೆಳಿಗ್ಗೆಯೇ ಹೊರಟಳು. ಅಜ್ಜಿ ಡಬರಿಯನ್ನು ಹುಣಿಸೆಹಣ್ಣು ಹಾಕಿ ಬೆಳಗಿ ತಂದು, "ಇದನ್ನ ತಗೊಂಡ್ ಹೋಗೇ" ಎಂದಳು.

"ಬೇಡಮ್ಮ. ಕೈಯಲ್ಲಿ ಸಾಮಾನಿದೆಯಲ್ಲ" ಎಂದಳು ಅತ್ತೆ.

ಆಮೇಲೆ ಅವಳು ಬಂದಾಗಲೆಲ್ಲ ಆ ಸೂಟ್‌ಕೇಸ್ ಬರುತ್ತಿತ್ತು. ಸೋಪಿನ ಡಬ್ಬಿ, ಹಲ್ಲುಪುಡಿ, ಬಾಚಣಿಗೆ, ಹೊದೆಯುವ ಚಾದರ ಕೂಡ. ಅಜ್ಜಿಗೆ ಪರಮ ಸಮಾಧಾನ. "ಈಗ ಲಕ್ಷಣವಾಗಿ ಬಂದ್ಲು ನೋಡು" ಎಂದು ಎದುರುಮನೆಗೆ ಕೇಳುವಂತೆ ಹೇಳುತ್ತಿದ್ದಳು. ಅತ್ತೆಗೆ ಕಾಫಿ ಲೋಟ ಕೈಗೇ ಬರತೊಡಗಿತು. ತಾನು ಹುಟ್ಟಿದ ಮನೆಯ ಬಚ್ಚಲಿನ ಮುಂದೆ ನಿಂತು ಅವಳು, "ಅತ್ತಿಗೆ, ಬಿಸಿನೀರು ತಗೊಳ್ಲಾ?" ಎಂದು ಕೇಳತೊಡಗಿದಳು. ಇದನ್ನು ಎಲ್ಲರೂ ಅವಳ ಒಳ್ಳೆಯತನವೆಂದು ಹೊಗಳಿದರು.

ಈಗ ಹಗುರವಾಗಿ ಪ್ರಯಾಣ ಮಾಡುವುದನ್ನು ಫೋನಿನಲ್ಲೇ ಕಲಿಸುತ್ತಾರೆ. ಅಂಗಿಯನ್ನು ಪತ್ರೊಡೆಯಂತೆ ಸುತ್ತಿ ಒತ್ತಿ ತುಂಬುತ್ತಾರೆ. ವಾರದ ಪ್ರವಾಸವನ್ನು ಬೆನ್ನಚೀಲದಲ್ಲಿ ಅಡಗಿಸುತ್ತಾರೆ. ನಾನು ಅದನ್ನೆಲ್ಲ ತಕ್ಕ ಗಾಂಭೀರ್ಯದಿಂದ ನೋಡುತ್ತೇನೆ, ಆದರೆ ನಂಬುವುದಿಲ್ಲ. ಅವರ ಚೀಲ ಸಣ್ಣದು ನಿಜ. ಹೋದಲ್ಲಿ ತಮ್ಮದೇನಾದರೂ ಕಾದಿದೆಯೆಂಬ ನೆಚ್ಚಿಕೆಯಿಂದ ಸಣ್ಣದಾದದ್ದಲ್ಲ. ನಾನೇ ತಮ್ಮನ ಮನೆಗೆ ಒಂದು ರಾತ್ರಿಗೆ ಹೋದರೂ ಟವೆಲು ಮರೆಯುವುದಿಲ್ಲ. ಮರೆತರೆ ಅವನ ಹೆಂಡತಿ ಹೊಸದನ್ನೇ ಕೊಡುತ್ತಾಳೆ, ಅಂಗಡಿಯ ಗಂಜಿ ಬಿಡದ್ದು. ಅದಕ್ಕಿಂತ ಮರೆಯದಿರುವುದೇ ವಾಸಿ.

ರವೀಂದ್ರನಗರದ ನನ್ನ ಮನೆಯ ಬೀರುವಿನಲ್ಲಿ ಒಂದು ಖಾನೆ ಖಾಲಿ ಮಾಡಿ, ಒಗೆದು ಮೆತ್ತಗಾದ ಎರಡು ಕಾಟನ್ ಸೀರೆ, ಒಂದು ಟವೆಲು ಇಟ್ಟಿದ್ದೇನೆ. ಹೋದ ತಿಂಗಳು ಪದ್ಮತ್ತೆ ಬಂದಿದ್ದಳು. ಈಗ ಮೊಣಕಾಲು ನೋವು. ಮೆಟ್ಟಿಲು ಹತ್ತುವುದೇ ಕಷ್ಟ, ಚಕ್ರದ ಪೆಟ್ಟಿಗೆಯನ್ನು ಆಟೋದವನು ಹೊತ್ತು ತಂದಿಟ್ಟ. ನಾನು ಬೀರು ತೆಗೆದು, "ಅತ್ತೆ, ಇದು ನಿಂದು. ಇಲ್ಲೇ ಇರತ್ತೆ, ಇನ್ಮೇಲೆ ಕೈಬೀಸ್ಕೊಂಡ್ ಬಾ" ಎಂದೆ.

ಅವಳು ಸೀರೆಯನ್ನು ಮುಟ್ಟಿ ನೋಡಿದಳು. ನನ್ನ ಕೆನ್ನೆ ತಟ್ಟಿದಳು. ಆಮೇಲೆ ಮಂಚದ ಮೇಲೆ ಕೂತು, ಬಗ್ಗಿ, ತನ್ನ ಪೆಟ್ಟಿಗೆಯ ಜಿಪ್ಪು ಎಳೆದಳು.

"ಇರ್ಲಿ ಬಿಡೇ" ಎಂದಳು. "ನಾನು ತಂದಿದೀನಿ."