ಪತ್ರಿಕೆಯಲ್ಲಿ ಇಲ್ಲದ ಪ್ರಶ್ನೆ

ಮೊನ್ನೆ ಬೆಳಿಗ್ಗೆ ಕನ್ನಡಕ ಹುಡುಕಲು ಮೇಜಿನ ಖಾನೆ ಎಳೆದರೆ ಕೆಂಪು ಪೆನ್ಸಿಲ್ಲಿನ ತುಂಡೊಂದು ಕೈಗೆ ಬಂತು. ಹೊರಗೆ ಕಟ್ಟೆಯ ಮೇಲೆ ಯಳವತ್ತಿಯ ಶಾಂತವ್ವ, ನನ್ನ ಹಳೆಯ ವಿದ್ಯಾರ್ಥಿನಿ, ಆಸ್ಪತ್ರೆಯ ಕಾಗದ ಹಿಡಿದು ಕೂತಿದ್ದಳು. ಅವಳ ತಾಯಿಯನ್ನು ಗದಗಿನಲ್ಲಿ ಒಂಬತ್ತು ದಿನ ಇಟ್ಟುಕೊಂಡು ಹಿಂದಿನ ದಿನ ಮನೆಗೆ ಕಳಿಸಿದ್ದರು. ಕಾಗದ ಇಂಗ್ಲಿಷಿನಲ್ಲಿತ್ತು, ಓದಿ ಹೇಳಿರೆಂದು ತಂದಿದ್ದಳು.

ಆ ಪೆನ್ಸಿಲ್ಲಿನ ಸಂಗತಿ ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯದು. ಶಿರಹಟ್ಟಿ ಕಡೆಯ ಶಾಲೆಯೊಂದರಲ್ಲಿ ನಾನು ಇಂಗ್ಲಿಷ್ ಮಾಸ್ತರನಾಗಿದ್ದೆ. ನನ್ನ ವಿಷಯದಲ್ಲಿ ನಪಾಸಾದವರು ಕಡಿಮೆ. ಅದಕ್ಕಾಗಿ ಶಾಲು ಹೊದಿಸಿಕೊಂಡವನೂ ಹೌದು. ಗುಟ್ಟು ಇಷ್ಟೇ: ಪ್ರಶ್ನೆಪತ್ರಿಕೆಯಲ್ಲಿ ಕೊಟ್ಟ ಗದ್ಯಭಾಗವನ್ನು ಓದಲೇಬೇಡಿ. ಮೊದಲು ಕೆಳಗಿನ ಪ್ರಶ್ನೆ ನೋಡಿ, ಅದರಲ್ಲಿನ ಪದ ಮೇಲೆ ಎಲ್ಲಿದೆಯೋ ಹುಡುಕಿ, ಕೆಂಪು ಗೆರೆ ಎಳೆದು, ಆ ಸಾಲನ್ನೇ ಉತ್ತರವೆಂದು ಇಳಿಸಿಬಿಡಿ. ಮಕ್ಕಳು ಕಾಳು ಹೆಕ್ಕಿದಂತೆ ಉತ್ತರ ಹೆಕ್ಕುತ್ತಿದ್ದರು. ಎಲ್ಲರಿಗಿಂತ ಜಲ್ದಿ ಶಾಂತವ್ವ.

ಒಮ್ಮೆ ಅಂಬಿಗನೊಬ್ಬನ ಗದ್ಯ ಬಂದಿತ್ತು. ಮಗಳಿಗೆ ಜ್ವರ, ಔಷಧ ತರಲು ಹೊಳೆ ದಾಟುತ್ತಾನೆ. ನಡುಹೊಳೆಯಲ್ಲೇ ಗದ್ಯ ಮುಗಿಯುತ್ತದೆ. ಐದೂ ಉತ್ತರ ಬರೆದ ಶಾಂತವ್ವ ಎದ್ದು ನಿಂತಳು.

“ಸರ, ಆ ಹುಡುಗಿ ಉಳದ್ಲೇನ್ರಿ?”

“ಅದನ್ನ ಕೇಳ್ಯಾರೇನು? ಕೇಳಿದ್ದಕ್ಕಷ್ಟ ಬರಿ. ಕುಂಡ್ರು.”

ತರಗತಿಯೆಲ್ಲ ನಕ್ಕಿತು. ಖರೆ ಹೇಳಬೇಕೆಂದರೆ ಆ ಗದ್ಯವನ್ನು ನಾನೇ ಪೂರ್ತಿ ಓದಿರಲಿಲ್ಲ. ಆಮೇಲೆ ಅವಳು ಯಾವತ್ತೂ ಏನೂ ಕೇಳಲಿಲ್ಲ. ಹುಡುಗಿಗೆ ಶಿಸ್ತು ಬಂತೆಂದು ಹಿಗ್ಗಿದೆ, ಎಂಥ ಹೆಡ್ಡ ನಾನು!

ಕನ್ನಡಕ ಏರಿಸಿ ಹೊರಗೆ ಬಂದವನು, ಇಂಗ್ಲಿಷಿನಲ್ಲಿ ಅಷ್ಟು ಅಂಕ ತೆಗೆದವಳು ನೀನೇ ಓದಬಹುದಿತ್ತಲ್ಲ ಎಂದೆ. ಅವಳು ತಲೆ ತಗ್ಗಿಸಿದಳು.

“ಓದಾಕ ಬರ್ತೈತ್ರಿ ಸರ. ಆದ್ರ ಕೆಳಗ ಪ್ರಶ್ನಿ ಇಲ್ಲಲ್ರಿ. ಏನ್ ಹುಡುಕಬೇಕಂತ ತಿಳೀವಲ್ದು.”

ಹೊದ್ದ ಶಾಲುಗಳೆಲ್ಲ ನೆನಪಾಗಿ ನಾಚಿಕೆಯಾಯಿತು. ಪಕ್ಕದಲ್ಲಿ ಕೂತು, ಮೊದಲ ಸಾಲಿನಿಂದ ಬೆರಳಿಟ್ಟು, ಇಬ್ಬರೂ ನಿಧಾನ ಓದಿದೆವು. ತಿಳಿಯದ ಪದ ಬಂದಾಗ ನನಗೂ ತಿಳಿಯದು ಎಂದೆ. ನೌಕರಿಯಲ್ಲಿದ್ದಾಗ ಒಮ್ಮೆಯೂ ಹಾಗೆ ಅಂದವನಲ್ಲ. ಯಾವ ಗುಳಿಗೆ ಯಾವಾಗ, ಏನು ತಿನ್ನಬಾರದು ಎಂಬುದೆಲ್ಲ ಅವಳಿಗೇ ಗೊತ್ತಾಗತೊಡಗಿತು. ಕಾಗದ ಮಡಚುತ್ತ ಸಣ್ಣ ದನಿಯಲ್ಲಿ ಕೇಳಿದಳು:

“ನಮ್ಮವ್ವ ಉಳೀತಾಳೇನ್ರಿ?”

ಅದು ಕಾಗದದಲ್ಲಿ ಇರಲಿಲ್ಲ. ಒಳಗೆ ಹೋಗಿ ಅಂಗಿ ತೊಟ್ಟು, ಚಪ್ಪಲಿ ಮೆಟ್ಟಿ ಬಂದೆ.

“ನಡಿಯವ್ವಾ, ಗದಗಿಗೆ ಹೋಗೂಣು. ಡಾಕ್ಟರನ್ನ ನೀನ ಕೇಳು. ನಾ ಬಾಜೂಕ ನಿಂತಿರ್ತೀನಿ.”