ಪಕ್ಕದ ಹಾಸಿಗೆಯ ಬಳಗ

ಮೊದಲು ಕಂಡಿದ್ದು ವಸಡಿನ ರಕ್ತ. ಬೆಳಿಗ್ಗೆ ಹಲ್ಲುಜ್ಜಿ ಬಂದ ನಮ್ಮವರು, "ಬ್ರಷ್ ಗಟ್ಟಿ ಇದೆ ಕಣೆ, ಬೇರೆ ತರಬೇಕು" ಎಂದರು. ಹೊಸ ಬ್ರಷ್ ಬಂತು. ರಕ್ತ ನಿಲ್ಲಲಿಲ್ಲ. ಆಮೇಲೆ ತೋಳಿನ ಮೇಲೆ ನೀಲಿ ಕಲೆಗಳು. ಅಮೆರಿಕದ ಡೆಟ್ರಾಯಿಟ್ ಬಳಿಯ ಪ್ಲಿಮತ್‌ನ ನಮ್ಮ ಬಾಡಿಗೆ ಮನೆಯ ಮೆಟ್ಟಿಲು ಹತ್ತಿದರೆ ಏದುಸಿರು. ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಅವರು ಸುಮ್ಮನೆ ರಜೆ ಹಾಕುವವರಲ್ಲ. ತಾವಾಗಿಯೇ "ಡಾಕ್ಟರ್ ಹತ್ರ ಹೋಗೋಣ" ಎಂದಾಗ ನನಗೆ ಹೆದರಿಕೆಯಾಯಿತು.

ಲ್ಯುಕೇಮಿಯಾ.

ಡೆಟ್ರಾಯಿಟ್‌ನ ಆಸ್ಪತ್ರೆಯಲ್ಲಿ ಡಾಕ್ಟರು ಆ ಪದ ಹೇಳಿದಾಗ ನಾನು ಅವರ ಟೈ ನೋಡುತ್ತಿದ್ದೆ. ಹಸಿರು ಟೈ. ಆಮೇಲೆ ಅವರು ಏನೇನೋ ವಿವರಿಸಿದರು. ನನಗೆ ನೆನಪಿರುವುದು ಟೈ ಮಾತ್ರ.

ಎರಡು ಹಾಸಿಗೆಯ ರೂಮ್ ಸಿಕ್ಕಿತು. ಪಕ್ಕದ ಹಾಸಿಗೆಯಲ್ಲಿ ಕೀನ್ಯಾ ದೇಶದ ಮ್ವಾಕಿಯೊ. ಅವನ ಕಿಡ್ನಿ ಕೆಟ್ಟಿತ್ತು. ಅವನ ಹೆಂಡತಿ ವಾಕೇಶೋ ಯೂನಿವರ್ಸಿಟಿಯಲ್ಲಿ ಓದುತ್ತಿದ್ದಳು. ಸಂಜೆಯಾದರೆ ಅವರ ಜನ ಬರುತ್ತಿದ್ದರು: ಕೀನ್ಯಾದವರು, ಘಾನಾದವರು, ಡೆಟ್ರಾಯಿಟ್‌ನಲ್ಲೇ ಹುಟ್ಟಿ ಬೆಳೆದ ಕಪ್ಪು ಜನ. ಇಬ್ಬರಿಗಷ್ಟೇ ಪರ್ಮಿಷನ್ ಎಂದು ನರ್ಸ್ ತಡೆದರೆ ಇಬ್ಬರು ಒಳಗೆ ಬರುವರು, ಉಳಿದವರು ಕಾರಿಡಾರಿನಲ್ಲಿ ನಿಂತೇ ಇರುವರು. ಅವರಲ್ಲಿ ಕೆಲವರಿಗೆ ಮ್ವಾಕಿಯೊನ ಗುರುತೂ ಇರಲಿಲ್ಲ. ಯಾರೋ ಹೇಳಿದರಂತೆ, ಬಂದಿದ್ದರು.

ನಮ್ಮ ಕಡೆಯ ಕುರ್ಚಿ ಖಾಲಿ. ಇಲ್ಲಿ ಕನ್ನಡದವರು ಬೆರಳೆಣಿಕೆಯಷ್ಟು. ಫೋನ್ ಮಾಡುತ್ತಿದ್ದರು, ಶನಿವಾರ ಸಾರು ಅನ್ನ ತಂದುಕೊಡುತ್ತಿದ್ದರು. ಅವರಿಗೂ ಕೆಲಸ, ಮಕ್ಕಳು.

"ನಿಮ್ಮೋರು ಯಾರೂ ಇಲ್ವಾ?" ಎಂದು ವಾಕೇಶೋ ಒಂದು ದಿನ ಇಂಗ್ಲಿಷಿನಲ್ಲಿ ಕೇಳಿದಳು.

"ಮೈದುನ ಇದಾನೆ. ಶಿಕಾಗೋ ಹತ್ರ, ಲೊಂಬಾರ್ಡ್‌ನಲ್ಲಿ. ಮಾತುಕತೆ ಇಲ್ಲ."

ಕೆಲವು ವರ್ಷದ ಹಿಂದೆ ಮೈಸೂರಿನಲ್ಲಿ ಮಾವನವರಿಗೆ ಸೀರಿಯಸ್ ಎಂದು ಟೆಲಿಗ್ರಾಂ ಬಂದಾಗ ನಮ್ಮವರು ಒಬ್ಬರೇ ಹೊರಟಿದ್ದರು. ತಮ್ಮ ಗೋಪಿಯ ಪಿಎಚ್.ಡಿ. ಮುಗಿಯುವ ಹೊತ್ತು, ಓದು ಕೆಡಬಾರದೆಂದು ಅವನಿಗೆ ತಿಳಿಸಲಿಲ್ಲ. ಎಲ್ಲ ಮುಗಿದ ಮೇಲೆ ತಿಳಿಸಿದರು. ಅಂದು ಫೋನ್ ಇಟ್ಟ ಗೋಪಿ ಮತ್ತೆ ಮಾತಾಡಿರಲಿಲ್ಲ.

ಇದನ್ನೆಲ್ಲ ಹೇಳಿದಾಗ ವಾಕೇಶೋ ಕುರ್ಚಿ ಹತ್ತಿರ ಎಳೆದುಕೊಂಡಳು. "ನಮ್ಮ ತೈತ ಬೆಟ್ಟದ ಕಡೆ ಒಬ್ಬರಿಗೆ ಕಾಯಿಲೆ ಅಂದ್ರೆ ಇಡೀ ಮನೆತನಕ್ಕೇ ಕಾಯಿಲೆ. ಯಾರ ಹೊಟ್ಟೆಯಲ್ಲಿ ಸಿಟ್ಟಿದೆ ಅಂತ ಹಿರಿಯರು ಕೇಳ್ತಾರೆ. ಸಿಟ್ಟಿರೋನು ಎಲ್ಲರ ಎದುರು ಹೇಳಬೇಕು. ಆಮೇಲೆ ಬಾಯಿ ತುಂಬ ನೀರು ತಗೊಂಡು ಹೊರಗೆ ಊದಬೇಕು. ಸಿಟ್ಟೂ ಅದರ ಜೊತೆ ಹೋಗಬೇಕು. ನನ್ನಜ್ಜಿ ಮಾಡಿದ್ದನ್ನ ನೋಡಿದೀನಿ."

"ಅದರಿಂದ ಲ್ಯುಕೇಮಿಯಾ ವಾಸಿಯಾಗತ್ತಾ?" ನನ್ನ ದನಿ ಒರಟಾಗಿತ್ತು.

ಅವಳಿಗೂ ರೇಗಿತು. "ನಾನು ಬಯಾಲಜಿ ಓದ್ತಿದೀನಿ, ವಿಮಲಾ. ರಕ್ತಕ್ಕೆ ಡಾಕ್ಟರ್ ಇದಾರೆ. ನಾನು ಹೇಳ್ತಿರೋದು ಆ ಖಾಲಿ ಕುರ್ಚಿ ವಿಷಯ."

ಆ ಸಂಜೆಯೇ ಆಸ್ಪತ್ರೆಯ ಫೋನಿನಿಂದ ಲೊಂಬಾರ್ಡ್‌ಗೆ ಕರೆ ಮಾಡಿದೆ. "ಹೊರಟೆ" ಎಂದ ಗೋಪಿ. ಹಿಮದಲ್ಲೇ ಡ್ರೈವ್ ಮಾಡಿಕೊಂಡು ಮರುದಿನ ಮಧ್ಯಾಹ್ನ ಬಂದ. ಮಾಸ್ಕ್ ಹಾಕಿಕೊಂಡು ಬಾಗಿಲಲ್ಲಿ ನಿಂತವನು ಅಣ್ಣನ ಗುರುತೇ ಹತ್ತದೆ ಮ್ವಾಕಿಯೊನ ಕಡೆಗೊಮ್ಮೆ ನೋಡಿದ. ಕೀಮೋದಿಂದ ನಮ್ಮವರ ತಲೆಗೂದಲೆಲ್ಲ ಉದುರಿತ್ತು, ಬಾಯೆಲ್ಲ ಹುಣ್ಣು.

ನಾನು ವಾಕೇಶೋ ಹೇಳಿದ್ದನ್ನೆಲ್ಲ ತಿಳಿಸಿದೆ. ಅವನು ನಗಲಿಲ್ಲ.

"ಅಣ್ಣ, ನನಗೆ ಸಿಟ್ಟಿದೆ," ಎಂದ. "ಅಪ್ಪನ ಮುಖ ನೋಡೋಕೆ ಬಿಡಲಿಲ್ಲ ನೀನು. ಡಿಗ್ರಿ ತಗೊಂಡು ನಾನೇನು ಮಾಡ್ಲಿ?"

ನಮ್ಮವರ ಹುಣ್ಣಿನ ಬಾಯಿಂದ ಮಾತು ಒಂದೊಂದೇ ಬಂತು. "ನಾನು ಹೋದಾಗ ಅಪ್ಪ ಇನ್ನೂ ಇದ್ರು ಗೋಪಿ. ಎರಡು ದಿನ ಇದ್ರು. ನಿನ್ನನ್ನೇ ಕೇಳ್ತಿದ್ರು."

ಇದು ನನಗೂ ಗೊತ್ತಿರಲಿಲ್ಲ.

ಗೋಪಿ ಮಾಸ್ಕ್ ಕಿತ್ತುಕೊಂಡು ಹೊರಟುಹೋದ. ನಮ್ಮವರು ಗೋಡೆಯ ಕಡೆ ತಿರುಗಿದರು. ನಾನು ಯಾರನ್ನು ಹಿಂಬಾಲಿಸಲಿ? ಇಲ್ಲೇ ಉಳಿದೆ. ವಾಕೇಶೋಳನ್ನು ದುರುಗುಟ್ಟಿ ನೋಡಿದೆ. ಇದ್ದ ಗಾಯವನ್ನು ಇವಳು ಕೆದಕಿಸಿದಳು ಅನ್ನಿಸಿತ್ತು. ಅವಳು ಕೋಟು ಹಾಕಿಕೊಂಡು ಹೊರಗೆ ಹೋದಳು. ಪಾರ್ಕಿಂಗ್ ಲಾಟ್‌ನಲ್ಲಿ ಗೋಪಿಯ ಜೊತೆ ಅವನ ಕಾರಿನಲ್ಲಿ ಬಹಳ ಹೊತ್ತು ಕೂತಿದ್ದಳೆಂದು ಆಮೇಲೆ ಗೊತ್ತಾಯಿತು. ಏನೂ ಹೇಳಲಿಲ್ಲವಂತೆ, ಬರೀ ಕೂತಿದ್ದಳಂತೆ.

ಮರುದಿನ ಬೆಳಿಗ್ಗೆ ನಮ್ಮವರು ತಲೆನೋವು ಎಂದರು. ಅಷ್ಟರಲ್ಲೇ ಮಾತು ತೊದಲಿತು.

ಮೆದುಳಿನಲ್ಲಿ ರಕ್ತಸ್ರಾವ.

ರಾತ್ರಿ ಹತ್ತಿರದ ಮೋಟೆಲಿನಲ್ಲಿ ಉಳಿದಿದ್ದ ಗೋಪಿ ಬರುವ ಹೊತ್ತಿಗೆ ಅವರಿಗೆ ಪ್ರಜ್ಞೆ ಇರಲಿಲ್ಲ. ಅವನು ಲೋಟದ ನೀರನ್ನು ಬಾಯಿತುಂಬ ತುಂಬಿಕೊಂಡು ಮೂಲೆಯ ಸಿಂಕಿನಲ್ಲಿ ಊದಿದ. ನೀರು ಅವನ ಶರ್ಟಿನ ಮೇಲೂ ಬಿತ್ತು. ಹಾಸಿಗೆಯ ಪಕ್ಕ ಬಂದು ಕಿವಿಯ ಹತ್ತಿರ ಬಗ್ಗಿ, "ಹೋಯ್ತು ಅಣ್ಣ, ಸಿಟ್ಟು ಹೋಯ್ತು. ಕೇಳಿಸ್ತಾ? ಅಣ್ಣ!" ಎಂದ. ಮತ್ತೆ ಮತ್ತೆ ಅದನ್ನೇ ಅಂದ. ಅವರಿಗೆ ಕೇಳಿಸಿತೋ ಇಲ್ಲವೋ. ಡಾಕ್ಟರನ್ನು ಕೇಳಿದೆ. "ಹೇಳೋಕಾಗಲ್ಲ" ಎಂದರು. ಪ್ರಾಮಾಣಿಕ ಮನುಷ್ಯ.

ಸಂಜೆ ನಮ್ಮವರು ಹೋದರು. ಖಾಲಿ ಕುರ್ಚಿಯಲ್ಲಿ ತಮ್ಮ ಕೂತಿದ್ದ.

ಫ್ಯೂನರಲ್ ಹೋಮಿಗೆ ಕನ್ನಡದವರಷ್ಟೇ ಬರುತ್ತಾರೆ ಎಂದುಕೊಂಡಿದ್ದೆ. ಕಾರಿಡಾರಿನಲ್ಲಿ ನಿಲ್ಲುತ್ತಿದ್ದ ಆ ಜನರೆಲ್ಲ ಬಂದಿದ್ದರು. ಗೋಪಿ ತನಗೆ ಬರುತ್ತಿದ್ದಷ್ಟು ಮಂತ್ರ ಹೇಳುವಾಗ, ಅರ್ಥವಾಗದಿದ್ದರೂ ತಲೆ ತಗ್ಗಿಸಿ ನಿಂತರು.

ಆ ಸಾವು ತಡೆಯಲಾಗದ್ದು. ನೀರು ಊದಿ ರಕ್ತದ ಕಾಯಿಲೆ ವಾಸಿಯಾಗದು ಎಂದು ಆಗಲೂ ಗೊತ್ತಿತ್ತು, ಈಗಲೂ ಗೊತ್ತು. ಆದರೆ ಗೋಪಿ ಒಂದು ದಿನ ಮೊದಲು ಬಂದಿದ್ದರೆ, ಆ ಒಂದು ರಾತ್ರಿ ಸಿಟ್ಟು ತಡೆದುಕೊಂಡಿದ್ದರೆ ಎಂದು ಕೊರಗುತ್ತೇನೆ. ಅವನದೂ ಅದೇ ಪಾಡು. ಅದನ್ನು ಇಬ್ಬರೂ ಹಂಚಿಕೊಂಡಿದ್ದೇವೆ. ಹಂಚಿಕೊಳ್ಳಲು ಒಬ್ಬ ಇದ್ದಾನೆ.

ಕಳೆದ ಭಾನುವಾರ ವಾಕೇಶೋ ನಮ್ಮಿಬ್ಬರನ್ನು ಮನೆಗೆ ಕರೆದಳು. ಮ್ವಾಕಿಯೊ ಮನೆಗೆ ಬಂದಿದ್ದಾನೆ, ಡಯಾಲಿಸಿಸ್ ನಡೆಯುತ್ತಿದೆ. ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಹುರುಳಿಕಾಯಿ ಪಲ್ಯ ಬಡಿಸಿದ್ದರು. ಊಟಕ್ಕೆ ಮೊದಲು ತೀರಿಕೊಂಡ ಹಿರಿಯರ ಹೆಸರು ಹೇಳುವುದು ಅವರ ಪದ್ಧತಿ. ಹೆಸರು ಹೇಳುವವರು ಇರುವವರೆಗೂ ಅವರು ಮನೆಯವರೇ, ಹೋದವರಲ್ಲ ಎಂದು ಮ್ವಾಕಿಯೊ ವಿವರಿಸಿದ. ತನ್ನವರ ಹೆಸರುಗಳನ್ನು ಹೇಳಿ ನನ್ನ ಕಡೆ ನೋಡಿದ.

ಗಂಡನ ಹೆಸರನ್ನು ನಾನು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ನಮ್ಮಲ್ಲಿ ಹೇಳುವುದಿಲ್ಲ.

"ಪ್ರಭಾಕರ," ಎಂದೆ.

"ನರಸಿಂಹಯ್ಯ," ಎಂದು ಗೋಪಿ ತಂದೆಯ ಹೆಸರು ಸೇರಿಸಿದ.

ಮ್ವಾಕಿಯೊ, ವಾಕೇಶೋ ಎರಡೂ ಹೆಸರನ್ನು ಒಟ್ಟಿಗೆ ಹೇಳಿದರು. ಉಚ್ಚಾರ ತಪ್ಪಿತು. ನಾನು ತಿದ್ದಿದೆ. ಮತ್ತೆ ಹೇಳಿದರು.

ನಮ್ಮವರು ಹೋದ ಮೇಲೆ ನಾನು ಹೊಟ್ಟೆ ತುಂಬ ಉಂಡಿದ್ದು ಅಂದೇ.